ಮೆಲ್ಲಗೆ ಕರೆದಾಗ

ಚಪ್ಪಲಿ ಕಚ್ಚಿ ಹಾಕಿದ ನಾಯಿಮರಿಯ ಮೇಲೆ ಮಾವ ಬೆಲ್ಟು ಎತ್ತಿದಾಗ ಮೇದಿನಿ ಅಡ್ಡ ಬಂದು ನಿಂತಳು.

“ಹೊಡೀಬೇಡಿ ಮಾವ. ಮುದ್ದು ಮಾಡಿ ಹೇಳಿಕೊಟ್ರೆ ಕಲಿಯುತ್ತೆ.”

“ಹೊಡೆದ್ರೇನೇ ಬುದ್ಧಿ ಬರೋದು. ನಿಮ್ಮತ್ತೇನೇ ನೋಡು, ಮದುವೆಯಾದಾಗಿಂದ ಒಂದು ಸಲ ಎದುರು ಮಾತಾಡಿಲ್ಲ.”

ಬೀನ್ಸ್ ಸೋಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. ಮೇದಿನಿಗೆ ಮೈಯೆಲ್ಲ ಉರಿಯಿತು.

“ಹಾಗಾದ್ರೆ ಇದನ್ನ ಕರ್ಕೊಂಡು ಈಗಲೇ ನಮ್ಮಮ್ಮನ ಮನೆಗೆ ಹೋಗ್ತೀನಿ.”

“ಹೋಗು. ನನ್ನ ಅಪ್ಪಣೆ ಇಲ್ಲದೆ ಈ ಮನೆಯಿಂದ ಯಾರು ಕದಲ್ತಾರೋ ನಾನೂ ನೋಡ್ತೀನಿ!”

ಅವಳು ಬಾಗಿಲಾಚೆ ಹೋಗಿ ಮೊಣಕಾಲೂರಿ ಕೂತು, ಕೈ ಚಾಚಿ ಮೆಲ್ಲಗೆ “ಬಾ” ಎಂದಳು.

ಮೂಲೆಯಲ್ಲಿ ನಡುಗುತ್ತಿದ್ದ ಮರಿ ಒಂದೇ ಓಟಕ್ಕೆ ಬಂದು ಅವಳ ತೊಡೆಯೇರಿತು.

ಅದರ ಹಿಂದೆಯೇ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಅತ್ತೆಯೂ ಹೊಸ್ತಿಲು ದಾಟಿ ಬಂದರು.