ಇಳಿದ ಖಾತ್ರಿ

ಮುಗಿದ ಕೆಲಸ ಮತ್ತೆ ಎದ್ದು ಕೂತಿತ್ತು. ಈ ತಿಂಗಳಲ್ಲಿ ಇದು ನಾಲ್ಕನೆಯ ಸಲ.

"ನಾರಾಯಣಪುರದ ಲೈನು ನಾನ 'ಮುಗಿದಿದೆ' ಮಾಡೀನಿ. ನಿಮಿಷ ಕಳೀಯೂದ್ರಾಗ ಯಾರೋ 'ನಡೆದಿದೆ' ಅಂತ ತಿರುಗಿಸ್ಯಾರ," ಎಂದ ಮಡೆಪ್ಪ. ಕುರ್ಚಿ ಎಳೆದುಕೊಂಡು ಸರಿತಾಳ ಪಕ್ಕದಲ್ಲೇ ಕೂತ. "ಯಾರಂತ ಹುಡುಕು. ಹೆಸರು ಸಿಗೂತನಕ ನಾ ಏಳೂದಿಲ್ಲ."

ಹುಮನಾಬಾದಿನ ಆ ಕಚೇರಿ ಒಬ್ಬ ಗುತ್ತಿಗೆದಾರನದು. ಹುಮನಾಬಾದ, ಬಸವಕಲ್ಯಾಣದ ಕಡೆಯ ಹಳ್ಳಿಗಳ ವಿದ್ಯುತ್ ತಂತಿ ದುರಸ್ತಿ ಅವರ ಕೆಲಸ. ಮಡೆಪ್ಪ ಮೇಲ್ವಿಚಾರಕ, ಸರಿತಾ ಕಂಪ್ಯೂಟರಿನವಳು. ಅದರಲ್ಲಿ ಒಂದೊಂದು ಹಳ್ಳಿಯ ದುರಸ್ತಿಯೂ ಒಂದು ತಾಯಿ ಕೆಲಸ. ಅದರ ಕೆಳಗೆ ಮರಿ ಕೆಲಸಗಳು: ತಂತಿ ಎಳೆದದ್ದು, ಕಂಬದ ಪಿಂಗಾಣಿ ಬದಲಿಸಿದ್ದು, ಹೀಗೆ. ಕಟ್ಟಕಡೆಯ ಮರಿ 'ಇಳಿದ ಖಾತ್ರಿ'. ಕಂಬದಿಂದ ಇಳಿದವನು ತನ್ನ ಫೋನಿನಲ್ಲಿ ತಾನೇ ಒತ್ತಬೇಕಾದದ್ದು.

ಆದರೆ ಮರಿ ಬಾಕಿಯಿದ್ದರೂ ತಾಯಿಯನ್ನು ಮುಗಿಸಿಬಿಡಬಹುದಿತ್ತು. ಕಂಪ್ಯೂಟರು ಬೇಡ ಅನ್ನುತ್ತಿರಲಿಲ್ಲ. ತಾಯಿ ಮುಗಿಯಿತೆಂದರೆ ಕರೆಂಟು ಬಿಡುವವನ ಫೋನಿಗೆ ಸಂದೇಶ ಹೋಗುತ್ತದೆ. ಐದು ನಿಮಿಷ ಕಾದು ಅವನು ಕರೆಂಟು ಬಿಡುತ್ತಾನೆ. ಅಷ್ಟರಲ್ಲಿ ಯಾರಾದರೂ ತಮ್ಮ ಫೋನಿನಿಂದ ಅದನ್ನು ತಿರುಗಿಸಿದರೆ ಬಿಡುವುದಿಲ್ಲ.

ಮಡೆಪ್ಪನಿಗೆ ಅನುಮಾನ ಕಂಬ ಹತ್ತುವ ರಾಜೀವನ ಮೇಲೆ. ಹೋದ ತಿಂಗಳು ಎಲ್ಲರೆದುರು ತನ್ನೊಡನೆ ಜಗಳವಾಡಿದ್ದವನು ಅವನೇ. ಕೆಲಸ ತಡವಾದಂತೆ ತೋರಿಸಿ ತನ್ನ ಹೆಸರು ಕೆಡಿಸಲು ನೋಡುತ್ತಿದ್ದಾನೆ, ಪುರಾವೆ ಸಿಕ್ಕರೆ ನಾಳೆಯೇ ಮನೆಗೆ ಕಳಿಸುತ್ತೇನೆ ಎಂದ. ಸರಿತಾ ಕೀಲಿಮಣೆ ಎಳೆದುಕೊಂಡಳು. ಈ ತಿಂಗಳ ದಾಖಲೆ ಹುಡುಕುವ ಜಾಗದಲ್ಲಿ ಮೊದಲು ತಾಯಿ ಕೆಲಸದ ಸ್ಥಿತಿ ಬರೆದಳು: ಮುಗಿದಿದೆ. ಕೆಳಗೆ ಮರಿ ಕೆಲಸದ ಸ್ಥಿತಿ: ಬಾಕಿ.

ಪರದೆಯ ಮೇಲೆ ನಾಲ್ಕು ಸಾಲು ಮೂಡಿದವು. ನಾಲ್ಕರಲ್ಲೂ ತಾಯಿಯನ್ನು ಮುಗಿಸಿದವನು ಮಡೆಪ್ಪ. ಆಗ ನಾಲ್ಕರಲ್ಲೂ ಬಾಕಿಯಿದ್ದ ಮರಿ ಒಂದೇ, 'ಇಳಿದ ಖಾತ್ರಿ'.

"ಮರಿ ಯಾಕ ನೋಡಾಕತ್ತೀ?" ಮಡೆಪ್ಪನ ದನಿ ಬಿಗಿಯಾಯಿತು. "ತಿರುಗಿಸಿದವರು ಯಾರು, ಅದನ್ನ ತೆಗಿ."

ಅವಳ ಕೈ ನಿಧಾನವಾಯಿತು. ಬೇರೆ ದಾರಿಯಿರಲಿಲ್ಲ. ಒತ್ತಿದಳು.

ಅಂಬಾದಾಸ. ನಾಲ್ಕು ಸಲವೂ ಅಂಬಾದಾಸ.

ಅಂಬಾದಾಸ ಹೋದ ಮಳೆಗಾಲದಲ್ಲಿ ಮಂಠಾಳದ ಕಂಬದ ಮೇಲೇ ಕರೆಂಟು ತಗಲಿ ಸತ್ತಿದ್ದ. ಅಂದು ಬಸವಕಲ್ಯಾಣದಿಂದ ಫೋನು ಮಾಡಿ, ಮಂಠಾಳ ಮುಗಿಯಿತು ಎಂದು ಒತ್ತು ಎಂದವನು ಮಡೆಪ್ಪ. ಒಂದು ಮರಿ ಬಾಕಿಯಿದೆ ಎಂದು ಸರಿತಾ ಹೇಳಿದ್ದಳು. ಇಳಿದಿರುತ್ತಾನೆ, ಒತ್ತಲು ಮರೆತಿರುತ್ತಾನೆ ಎಂದಿದ್ದ. ಅವಳು ಒತ್ತಿದ್ದಳು.

"ಆತನ ಹೆಸರು ಯಾಕ ತೆಗೆದಿಲ್ಲ?"

"ತೆಗಿ ಅಂತ ಯಾರೂ ಹೇಳಲಿಲ್ರಿ, ಸರ್."

ಅಂಬಾದಾಸನ ಫೋನು ಅವನ ಮನೆಯಲ್ಲೇ ಉಳಿದಿರಬೇಕು ಎಂದು ಮಡೆಪ್ಪ ಲೆಕ್ಕ ಹಾಕಿದ. ರಾಜೀವನೇ ಅಲ್ಲಿಂದ ತಂದಿಟ್ಟುಕೊಂಡಿರಲೂ ಸಾಕು. ಹೋಗಿ ಕೇಳೋಣ, ನೀನೂ ಬಾ, ಹೆಣ್ಣುಮಗಳ ಮನೆ ಎಂದ. ಅಷ್ಟು ದೂರ ಯಾಕೆ, ಈಗಲೇ ಹೆಸರು ಅಳಿಸಿಬಿಡುತ್ತೇನೆ ಎಂದಳು ಸರಿತಾ. ಅವನು ಆಗಲೇ ಜೀಪಿನ ಕೀಲಿ ಹಿಡಿದಿದ್ದ. ಅಂಬಾದಾಸನ ಹೆಂಡತಿ ಸುಳ್ಳು ಹೇಳಿದರೆ ಪೊಲೀಸರಿಗೆ ಕೊಡುತ್ತೇನೆ ಎಂದು ದಾರಿಯುದ್ದಕ್ಕೂ ಹೇಳುತ್ತ ಬಂದ. ಹತ್ತು ತಿಂಗಳಾದರೂ ಆ ಹೆಂಗಸಿನ ಮುಖವನ್ನು ನೆಟ್ಟಗೆ ನೋಡಲು ಸರಿತಾಳಿಗೆ ಆಗಿರಲಿಲ್ಲ.

ಬೇಮಳಖೇಡದಲ್ಲಿ ಅಂಬಾದಾಸನ ಹೆಂಡತಿ ಸೋನುಬಾಯಿ ಹೊಲದಿಂದ ಆಗಷ್ಟೇ ಬಂದು ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಕೈತೊಳೆದು ಬಂದು ಇಬ್ಬರಿಗೂ ನೀರು ಕೊಟ್ಟಳು. ಮಡೆಪ್ಪ ಕುಡಿಯದೆ ಲೋಟ ಹಿಡಿದುಕೊಂಡೇ ನಡೆದದ್ದನ್ನು ಹೇಳಿದ. ನಾಲ್ಕು ಸಲ ಹೀಗಾಗಿದೆ, ಇದು ಅಪರಾಧ, ಯಾರನ್ನಾದರೂ ಕಾಯಲು ಹೋಗಬೇಡ ಎಂದ.

"ಅಂಬಾದಾಸನ ಫೋನು ಎಲ್ಲಿ ಅದ, ತಂಗಿ?"

ಸೋನುಬಾಯಿ ಸರಿತಾಳ ಕಡೆ ನೋಡಿದಳು. ಸರಿತಾ ನೆಲ ನೋಡುತ್ತಿದ್ದಳು.

"ನನ್ನ ಕಡೆನ ಅದ್ರಿ, ಸಾಹೇಬ್ರ. ತಿರುಗಿಸಿದಾಕಿನೂ ನಾನ."

"ಯಾಕ?"

"ಕಂಬದ ಮ್ಯಾಲ ಇನ್ನೂ ಒಬ್ಬ ಮನಷ್ಯಾ ಇರ್ತಾನ್ರಿ. ಅವನ ಮನ್ಯಾಗೂ ಒಬ್ಬಾಕಿ ಇರ್ತಾಳ."

ಮಡೆಪ್ಪ ಲೋಟವನ್ನು ಕಟ್ಟೆಯ ಮೇಲಿಟ್ಟ. ಪೊಲೀಸರ ಮಾತು ಅವನ ಬಾಯಿಗೆ ಬರಲಿಲ್ಲ. ಕೊನೆಗೆ ಸರಿತಾಳತ್ತ ತಿರುಗಿದ.

"ಆ ನಾಕೂ ಸಲ ಮ್ಯಾಲ ಯಾರಿದ್ದರು?"

"ರಾಜೀವ, ಸರ್. ನಾಕೂ ಸಲ ಅವನ್ರಿ."

ಮಡೆಪ್ಪ ಎದ್ದ. ಅಂಬಾದಾಸನ ಹೆಸರು ಅಳಿಸಬೇಡ ಎಂದ. ಮರಿಯೆಲ್ಲ ಮುಗಿಯುವ ತನಕ ತಾಯಿಯನ್ನು ಮುಗಿಸುವಂತಿಲ್ಲ, ನಾನೇ ಹೇಳಿದರೂ ಕೇಳಬೇಡ ಎಂದ. ಸೋನುಬಾಯಿಯ ಮುಂದೆ ನಿಂತು ಕೈಮುಗಿದು, ಜೀಪಿನ ಕಡೆ ನಡೆದ.

ಸರಿತಾ ಏಳಲು ನೋಡಿದಳು. ಸೋನುಬಾಯಿ ಬಗ್ಗಿ ಅವಳ ಮುಂಗೈ ಹಿಡಿದಳು.

"ಅವರು ಹೋದ ಹತ್ತನೇ ದಿನ ಆ ಫೋನು ನಾನ ನಿನ್ನ ಕೈಯಾಗ ಇಟ್ಟಿದ್ನಲ್ಲ, ತಂಗಿ," ಎಂದಳು ಮೆಲ್ಲಗೆ. "ಬಂದ್ ಆಗಾಕ ಬಿಡಬ್ಯಾಡ."