ಕಂಡದ್ದನ್ನಷ್ಟೇ ಬರೆಯಿರಿ

ಮೂರನೆಯ ತರಗತಿಯ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ದಾರ. ದಾರದುದ್ದಕ್ಕೂ ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಕ್ಲಿಪ್ಪಿಗೊಂದು ಹಾಳೆ. ಒಂದರಲ್ಲಿ ಅಳಿಲು, ಒಂದರಲ್ಲಿ ಪಾರಿವಾಳ, ಮತ್ತೊಂದರಲ್ಲಿ ಅರ್ಧಕ್ಕೇ ಬಣ್ಣ ಮುಗಿದುಹೋದ ಪಾತರಗಿತ್ತಿ. ಕಿಟಕಿಯಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಸೀಮೆಸುಣ್ಣದ ಪುಡಿ ಇಳಿಯಲೋ ಬೇಡವೋ ಎಂಬಂತೆ ತೇಲುತ್ತಿತ್ತು. ಕೊನೆಯ ಹಾಳೆಯ ಮುಂದೆ, ಕಂಕುಳಲ್ಲಿ ಫೈಲು ಅವುಚಿಕೊಂಡ ಯುವಕನೊಬ್ಬ ಕದಲದೆ ನಿಂತಿದ್ದ.

ಹಾಳೆಯ ತಲೆಬರಹ: 'ನಮ್ಮ ಮಾವ'.

ಮಾಹಿತಿ ಬರಹ ಕಲಿಸಲೆಂದು ಟೀಚರ್ ಮಕ್ಕಳನ್ನು ನಾಲ್ಕು ಬುಧವಾರ ಪಾರ್ಕಿಗೆ ಕರೆದೊಯ್ದಿದ್ದರು. ಒಂದೊಂದು ಜೀವಿಯನ್ನು ಆರಿಸಿಕೊಳ್ಳಿ, ಕಂಡದ್ದನ್ನಷ್ಟೇ ಬರೆಯಿರಿ ಎಂದಿದ್ದರು. ಅವನ ಅಕ್ಕನ ಮಗಳು ಆರಿಸಿಕೊಂಡದ್ದು ಅವನನ್ನು.

'ವಾಸ: ನಮ್ಮ ಮನೆಯ ಸೋಫಾ. ಹಗಲಿನಲ್ಲಿ ಪಾರ್ಕಿನ ಮೂರನೆಯ ಬೆಂಚು. ಆಹಾರ: ಕಡಲೆಕಾಯಿ. ಸಿಪ್ಪೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ. ಚಟುವಟಿಕೆ: ಫೈಲನ್ನು ತಲೆಗಿಟ್ಟುಕೊಂಡು ಮಲಗುವುದು. ನಾಲ್ಕು ಬುಧವಾರವೂ ಆಫೀಸಿಗೆ ಹೋಗಲಿಲ್ಲ. ಶತ್ರುಗಳು: ಇರುವೆ, ಅಪ್ಪ.'

ಅಂದು ಮನೆಯವರು ಬಂದು ಹಾಳೆಗಳನ್ನು ನೋಡುವ ದಿನ. ಒಳಗೆ ಬರುವಾಗಷ್ಟೇ ಅವನು ಟೀಚರಿಗೆ, "ಆಫೀಸಿಗೆ ಅರ್ಧ ದಿನ ರಜಾ ಹಾಕಿ ಬಂದೆ" ಎಂದಿದ್ದ. ಅವರು "ಹೌದಾ, ಪಾಪ" ಎಂದು ನೋಟ್‌ಬುಕ್ಕುಗಳತ್ತ ತಿರುಗಿದ್ದರು.

"ಚೂಟಿ, ಬಾ ಇಲ್ಲಿ," ಅವನು ದನಿ ತಗ್ಗಿಸಿದ. "ನಾಲ್ಕು ಗಂಟೆಗೆ ಅಮ್ಮ ಬಂದು ಇದನ್ನ ಓದ್ತಾಳೆ ಕಣೇ."

"ಓದ್ಲಿ ಬಿಡು. ಚಿತ್ರಾನೂ ಚೆನ್ನಾಗಿ ಬಂದಿದೆ."

"ಚಿತ್ರ ಇರ್ಲಿ. ಬರ್ದಿದ್ದು ಅಳಿಸಿಬಿಡು, ನನ್ ಬಂಗಾರ. ಐಸ್‌ಕ್ರೀಮ್ ಕೊಡಿಸ್ತೀನಿ."

"ತಪ್ಪಿದ್ರೆ ಮಾತ್ರ ಅಳಿಸ್ಬೇಕು ಅಂತ ಟೀಚರ್ ಹೇಳಿದಾರೆ. ಯಾವ್ದು ತಪ್ಪು, ತೋರ್ಸು."

ಅವನು ಮೊದಲಿನಿಂದ ಮತ್ತೊಮ್ಮೆ ಓದಿದ. ಇರುವೆ ನಿಜ, ಅಪ್ಪನೂ ನಿಜ. ದಿಕ್ಕು ತೋಚದೆ ಟೀಚರ ಮುಖ ನೋಡಿದ.

"ಬರೆದವಳನ್ನೇ ಕೇಳ್ಕೊಳ್ಳಿ," ಎಂದರು ಅವರು, ತಲೆಯೆತ್ತದೆ. "ಬೆಂಚು ಮೂರನೇದೇನಾ ಅಂತ ನಾನೂ ಎಣಿಸಿ ನೋಡ್ದೆ. ಸರಿಯಾಗಿದೆ."

ಅವನು ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಸಿದು ಕೂತ. "ಕೆಲಸ ಹೋಗಿ ಮೂರು ತಿಂಗಳಾಯ್ತು ಚೂಟಿ. ಸಿಕ್ಕಾಗ ನಿಮ್ಮಮ್ಮ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ಲು. ಈಗ ಹೋಯ್ತು ಅಂತ ಹೇಗೆ ಹೇಳ್ಲಿ?"

"ಬಾಯಲ್ಲೇ," ಎಂದಳು ಅವಳು.

ಆಗ ಅವನಿಗೆ ಚಿತ್ರದ ಕೆಳಗೆ, ಜಾಗ ಸಾಲದೆ ಇರುವೆಸಾಲಿನಷ್ಟು ಸಣ್ಣಗೆ ಬರೆದದ್ದು ಕಂಡಿತು: 'ವಿಶೇಷ ಮಾಹಿತಿ: ಈ ಸಂಗತಿ ಅಮ್ಮನಿಗೆ ಗೊತ್ತಿಲ್ಲ.'

ಅವನು ಅದರ ಮೇಲೆ ಬೆರಳಿಟ್ಟ.

"ಇದೊಂದು ತಪ್ಪಾದ್ರೆ ಅಳಿಸ್ತೀಯಾ?"

"ತಪ್ಪಾದ್ರೆ ಅಳಿಸ್ತೀನಿ."

"ಅಮ್ಮ ಈಗ ಎಲ್ಲಿರ್ತಾಳೆ?"

"ಹೊಲಿಗೆ ಅಂಗಡೀಲಿ. ನೀನು ಓಡಿದ್ರೆ ಹತ್ತು ನಿಮಿಷ."

ಗಡಿಯಾರದಲ್ಲಿ ಮೂರೂಕಾಲು. ಅವನು ಎದ್ದ, ಫೈಲನ್ನು ಬೆಂಚಿನ ಮೇಲೆಯೇ ಬಿಟ್ಟ. ಹುಡುಗಿ ಪೆಟ್ಟಿಗೆಯಿಂದ ರಬ್ಬರು ತೆಗೆದು ಆ ಸಾಲಿನ ಮೇಲೆ ಹಿಡಿದಳು, ಉಜ್ಜಲಿಲ್ಲ. ಅವನ ಹಿಂದೆ ಬಾಗಿಲು ಮೆಲ್ಲನೆ ಮುಚ್ಚಿಕೊಂಡಿತು.