ಬಾಗಿಲತನಕ
ಬಿಸಿ ಹರಳೆಣ್ಣೆಯ ವಾಸನೆ ಬಂದರೆ ಇಂದಿಗೂ ನನಗೆ ರಾಯದುರ್ಗದ ಆ ಮಧ್ಯಾಹ್ನ ನೆನಪಾಗುತ್ತದೆ. ಬಿಳಿಯ ಕಲೆಕ್ಟರರು ನೋಡುತ್ತಿದ್ದಾಗ ಕುಸ್ತಿ ಗೆದ್ದಿದ್ದ ಅಪ್ಪ, ಕಾಲು ಮುರಿದು ಎರಡು ತಿಂಗಳು ಮಲಗಿದ್ದ. ಅಂದು ಬೆಳಿಗ್ಗೆ ಕಾಲಿಗೆ ಹಾಕಿದ್ದ ಬಿದಿರಿನ ಕಟ್ಟು ಬಿಚ್ಚಿದ್ದರು. ಮೀನಖಂಡ ಸೊರಗಿ ನನ್ನ ತೋಳಿನಷ್ಟಾಗಿತ್ತು. ಅಪ್ಪ ನಾಚಿಕೊಂಡು ಪಂಚೆ ಎಳೆದುಕೊಂಡ.

ಅಜ್ಜಿ ಪಂಚೆ ಸರಿಸಿ, ಎಣ್ಣೆ ಹಚ್ಚಿ, ಹಿಮ್ಮಡಿಯಿಂದ ಮೇಲಕ್ಕೆ ಮೆಲ್ಲಗೆ ನೀವತೊಡಗಿದಳು. "ಕೆಲಸ ಇಲ್ದ ಸೊರಗೈತಪ್ಪ. ದಿನಾ ಒಂದೀಟು ನಡದ್ರ ಮತ್ತ ತುಂಬತೈತಿ."

"ಮತ್ತ ಕುಸ್ತಿ ಹಿಡೀತೀನೇನವ್ವ?" ಎಂದ ಅಪ್ಪ.

ಅಜ್ಜಿ ಎಣ್ಣೆಗೈ ಸೆರಗಿಗೆ ಒರೆಸಿಕೊಂಡಳು. "ಮೊದ್ಲು ಬಾಗಿಲತನಕ ನಡಿ."

ಅಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದ. ಕಾಲು ಗಡಗಡ ನಡುಗುತ್ತಿತ್ತು. ಆದರೂ ಏಳು ವರ್ಷದ ನನ್ನ ಮೇಲೆ ಭಾರ ಬೀಳದಂತೆ, ಹಲ್ಲು ಕಚ್ಚಿಕೊಂಡು, ಬಾಗಿಲತನಕ ತನ್ನ ಕಾಲಿನ ಮೇಲೆಯೇ ನಡೆದ.